ನೈಸ್ ಅಂದ್ರೆ ಏನು? ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯಲ್ಲಿ ನಮ್ಮ ಕನ್ನಡ ಸಂಘದವರು ಭಾನುವಾರ ಸಂಜೆ ಇಂಗ್ಲಿಷ್ ಮಾತಾಡುವ ತರಗತಿ ನಡೆಸುತ್ತಾರೆ. ನಾನು ಅಲ್ಲಿ ಪಾಠ ಹೇಳುತ್ತೇನೆ. ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಮದುವೆಯಾಗಿ ಊರಿಂದ ಹೊಸದಾಗಿ ಬಂದವರು, ಬ್ಯಾಂಕಿನವರು, ಕಾಲೇಜು ಮಕ್ಕಳು, ಎಲ್ಲ ಥರದವರೂ ಬರುತ್ತಾರೆ. 'ನೈಸ್' ಅನ್ನೋ ಪದದ ಬಗ್ಗೆ ಬರುವಷ್ಟು ಪ್ರಶ್ನೆ ಬೇರೆ ಯಾವ ಪದಕ್ಕೂ ಬರಲ್ಲ. ಅದಕ್ಕೆ ಕಾರಣವೂ ಇದೆ. ಈ ಪದ ಆಗಲೇ ನಮ್ಮ ಅಡುಗೆಮನೆಯಲ್ಲಿದೆ, ನಮ್ಮ ಬೈಗುಳದಲ್ಲೂ ಇದೆ. ಆದರೆ ನಾವು ಹೇಳುವ ನೈಸ್ ಬೇರೆ, ಇಂಗ್ಲಿಷಿನವರು ಹೇಳುವ ನೈಸ್ ಬೇರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಉತ್ತರ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಮೊದಲು ಸರಳವಾಗಿ ಹೇಳಿ. ಇಂಗ್ಲಿಷಿನಲ್ಲಿ ನೈಸ್ ಅಂದ್ರೆ ಏನು?

ಚೆನ್ನಾಗಿದೆ, ಹಿತವಾಗಿದೆ, ಒಳ್ಳೆಯವರು. ಇಷ್ಟೇ. ಊಟ ನೈಸ್, ಹವೆ ನೈಸ್, ಪಕ್ಕದ ಮನೆ ಆಂಟಿ ನೈಸ್. ವಸ್ತುವಿಗೆ ಹೇಳಿದರೆ ಮನಸ್ಸಿಗೆ ಹಿಡಿಸಿತು ಅಂತ. ಮನುಷ್ಯರಿಗೆ ಹೇಳಿದರೆ ಮೃದು ಸ್ವಭಾವ, ಮರ್ಯಾದೆಯಿಂದ ಮಾತಾಡುತ್ತಾರೆ, ಕೇಳಿದರೆ ಸಹಾಯ ಮಾಡುತ್ತಾರೆ ಅಂತ.

ಮರಾಠಿಯವರು 'ಛಾನ್' ಅನ್ನುತ್ತಾರಲ್ಲ, ಧಾರವಾಡದ ಕಡೆಯವರು 'ಛಲೋ' ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಆದರೆ 'ಛಲೋ' ಅಂದಾಗ ಇರುವ ದಮ್ಮು ನೈಸ್‌ಗೆ ಇಲ್ಲ. ಅದು ಮೆತ್ತಗಿನ ಹೊಗಳಿಕೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಿಂದೆ ನೈಸ್ ಅಂದ್ರೆ ಪೆದ್ದ ಅಂತ ಅರ್ಥ ಇತ್ತಂತೆ. ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜವಾ?

ವಾಟ್ಸಾಪ್‌ನಲ್ಲಿ ಬರುವುದರಲ್ಲಿ ಅಪರೂಪಕ್ಕೆ ಒಂದು ನಿಜ ಇರುತ್ತದೆ. ಇದು ಅಂಥದ್ದು.

ಲ್ಯಾಟಿನ್ ಭಾಷೆಯಲ್ಲಿ 'ನೆಸ್ಕಿಯುಸ್' ಅಂತ ಒಂದು ಪದ. 'ನೆ' ಅಂದರೆ ಇಲ್ಲ. 'ಸ್ಕೀರೆ' ಅಂದರೆ ತಿಳಿಯುವುದು. ಎರಡೂ ಸೇರಿ, ಏನೂ ತಿಳಿಯದವನು. ನಮ್ಮಲ್ಲಿ 'ಅಜ್ಞ' ಅನ್ನೋ ಪದ ಕಟ್ಟಿದ ರೀತಿಯೂ ಇದೇ ಅಲ್ವಾ? ಅಷ್ಟೇ ಅಲ್ಲ, ಲ್ಯಾಟಿನ್ನಿನ ಆ 'ನೆ'ಯೂ ಸಂಸ್ಕೃತದ 'ನ'ವೂ ಒಂದೇ ಮೂಲದವು. 'ನಾಸ್ತಿಕ'ದಲ್ಲಿ ಮೊದಲಿಗೆ ಇರುವುದು ಆ 'ನ'ವೇ.

ಈ ನೆಸ್ಕಿಯುಸ್ ಹಳೆಯ ಫ್ರೆಂಚಿಗೆ ಹೋಗಿ ಸವೆದು 'ನಿಸ್' ಆಯಿತು. ಅಲ್ಲಿ ಅದರ ಅರ್ಥ ದಡ್ಡ, ಮೊದ್ದು, ಕೈಲಾಗದವ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿರಾಶಿ ಇಂಗ್ಲಿಷಿಗೆ ಬಂದವು. ಅದೇ ದಾರಿಯಲ್ಲಿ ಸುಮಾರು 1300ರ ಹೊತ್ತಿಗೆ ನೈಸ್ ಕೂಡ ಬಂತು. ಆಗ ಯಾರನ್ನಾದರೂ ನೈಸ್ ಅಂದರೆ ಪೆದ್ದ, ಬುದ್ಧಿಗೇಡಿ ಅಂತಲೇ ಅರ್ಥ. 14ನೇ ಶತಮಾನದ ಕವಿ ಚಾಸರ್ ಈ ಪದವನ್ನು ಹಾಗೇ ಬಳಸಿದ್ದಾನೆ.

ಹಾಗಾದ್ರೆ ನೈಸ್ ಮತ್ತು ಸೈನ್ಸ್ ಸಂಬಂಧಿಕರಾ?

ಹೌದು. ಒಬ್ಬ ಹುಡುಗ ಇದನ್ನು ತಾನಾಗಿಯೇ ಊಹಿಸಿ ಕೇಳಿದ, ಖುಷಿಯಾಯಿತು. 'ಸ್ಕೀರೆ', ಅಂದರೆ ತಿಳಿಯುವುದು, ಅದರಿಂದಲೇ 'ಸೈನ್ಸ್' ಬಂತು. 'ಕಾನ್ಷಿಯಸ್', 'ಕಾನ್ಷಿಯನ್ಸ್' ಕೂಡ ಅದೇ ಮನೆಯವು. ಸೈನ್ಸ್ ತಿಳಿದದ್ದು, ನೈಸ್ ತಿಳಿಯದ್ದು. ಸ್ಪೆಲಿಂಗಿನಲ್ಲಿ ಇವತ್ತಿಗೂ ಎರಡರಲ್ಲೂ ಅದೇ 'ಸಿ' ಅಕ್ಷರ ಕೂತಿದೆ, ನೋಡಿ.

ಪೆದ್ದ ಅನ್ನೋ ಬೈಗುಳ ಹೊಗಳಿಕೆ ಆಗಿದ್ದು ಹೇಗೆ?

ಒಂದೇ ಸಲಕ್ಕೆ ಹಾರಲಿಲ್ಲ. ಸುಮಾರು ಐನೂರು ವರ್ಷ ತೆಗೆದುಕೊಂಡಿತು, ಮಧ್ಯೆ ಬೇಕಾದಷ್ಟು ಕಡೆ ತಂಗಿತು.

ಮೊದಲು 'ಪೆದ್ದ' ಅನ್ನುವುದು 'ಹುಡುಗಾಟದವನು', 'ಶೋಕಿಯವನು' ಅನ್ನುವ ಕಡೆ ಜಾರಿತು. ಬುದ್ಧಿ ಕಡಿಮೆ ಇರುವವನು ಬಟ್ಟೆಬರೆ, ಅಲಂಕಾರದಲ್ಲೇ ಮುಳುಗಿರುತ್ತಾನೆ ಅಂತ ಜನ ಆಡಿಕೊಳ್ಳುತ್ತಾರಲ್ಲ, ಆ ಲೆಕ್ಕ. 14ನೇ ಶತಮಾನದ ಕೊನೆಗೆ 'ತೀರಾ ನಾಜೂಕು', 'ಎಲ್ಲದಕ್ಕೂ ಮೂಗು ಮುರಿಯುವವನು' ಅನ್ನುವ ಅರ್ಥ ಸೇರಿತು. ತಟ್ಟೆಯಲ್ಲಿ ಒಂದು ಕರಿಬೇವು ಸಿಕ್ಕರೂ ಮುಖ ಸಿಂಡರಿಸಿ ಬದಿಗಿಡುವ ಗಿರಾಕಿ ನಮ್ಮ ಹೋಟೆಲಿನವರಿಗೆ ಗೊತ್ತು. ಆ ಕಾಲದಲ್ಲಿ ಅವನನ್ನು ನೈಸ್ ಅನ್ನುತ್ತಿದ್ದರು. ಅದು ದೂರೇ.

ಇಲ್ಲಿಂದ ಪದದ ಹಣೆಬರಹ ತಿರುಗಿತು. ಮೂಗು ಮುರಿಯುವವನನ್ನೇ ಬೇರೆ ಕಣ್ಣಿಂದ ನೋಡಿದರೆ ಅವನಿಗೆ ರುಚಿ ಗೊತ್ತು, ಸೂಕ್ಷ್ಮ ಗೊತ್ತು ಅನ್ನಬಹುದು. ಮಾವಿನಕಾಯಿ ಹೋಳಿನ ಹದ ಸರಿ ಇಲ್ಲ ಅಂತ ಉಪ್ಪಿನಕಾಯಿ ವಾಪಸ್ ಕಳಿಸುವ ಅಜ್ಜಿಯನ್ನು ಸೊಸೆ ಕಿರಿಕಿರಿ ಅನ್ನುತ್ತಾಳೆ. ಊರವರು 'ಅವರ ಕೈ ಬಿಡಿ, ನಾಲಿಗೆಯೂ ಅಷ್ಟೇ ಚೊಕ್ಕ' ಅನ್ನುತ್ತಾರೆ. ಗುಣ ಒಂದೇ, ಹೇಳುವವರು ಬೇರೆ. ಹೀಗೆ 1500ರ ನಂತರ ನೈಸ್‌ಗೆ ಸೂಕ್ಷ್ಮ, ನಿಖರ, ಬಹಳ ಎಚ್ಚರದ ಅನ್ನುವ ಅರ್ಥಗಳು ಬಂದವು. ಎರಡು ವಿಷಯಗಳ ನಡುವಿನ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ನೈಸ್ ಅಂದರು.

ಕೊನೆಯ ಹೆಜ್ಜೆ ಸುಲಭ. ರುಚಿ ಗೊತ್ತಿರುವವರಿಗೆ ಇಷ್ಟವಾಗುವಂಥದ್ದು ಯಾವುದು? ಅದೂ ನೈಸ್. ಅಲ್ಲಿಂದ 'ಇಷ್ಟವಾಗುವುದೆಲ್ಲ ನೈಸ್' ಅನ್ನುವಲ್ಲಿಗೆ ಬರಲು ಜಾಸ್ತಿ ದೂರ ಇಲ್ಲ. ಇವತ್ತಿನ ಹಿತವಾದ, ಚೆನ್ನಾದ ಅನ್ನುವ ಅರ್ಥ 1769ರ ಹೊತ್ತಿನ ಬರಹಗಳಲ್ಲಿ ಕಾಣುತ್ತದೆ. ಮನುಷ್ಯರಿಗೆ ಹೇಳುವ 'ಒಳ್ಳೆ ಸ್ವಭಾವದವರು' ಅನ್ನುವ ಅರ್ಥ ಇನ್ನೂ ತಡ, 1830ರ ಆಸುಪಾಸಿನದು. ಅಂದರೆ ಮನುಷ್ಯರಿಗೆ ನಾವು ನೀವು ಹೇಳುವ ನೈಸ್‌ಗೆ ಸುಮಾರು ಇನ್ನೂರು ವರ್ಷ ಅಷ್ಟೇ.

ಈ ಅರ್ಥಗಳು ಒಂದು ಹೋಗಿ ಇನ್ನೊಂದು ಬಂದದ್ದಲ್ಲ. ಬಹಳ ಕಾಲ ಒಟ್ಟೊಟ್ಟಿಗೇ ಓಡಾಡುತ್ತಿದ್ದವು. ಹಾಗಾಗಿ 16, 17ನೇ ಶತಮಾನದ ಬರಹದಲ್ಲಿ ನೈಸ್ ಬಂದರೆ ಯಾವ ಅರ್ಥ ಅಂತ ಪಂಡಿತರೂ ತಲೆ ಕೆರೆದುಕೊಳ್ಳುತ್ತಾರೆ.

ಮಗಳಿಗೆ ಕಾಲೇಜಿನಲ್ಲಿ ರೋಮಿಯೊ ಜೂಲಿಯೆಟ್ ಇದೆ. ಅದರಲ್ಲಿ 'ಪತ್ರ ನೈಸ್ ಅಲ್ಲ' ಅಂತ ಬರುತ್ತದೆ. ಕೆಟ್ಟ ಪತ್ರ ಅಂತಾನಾ?

ಅಲ್ಲ. ಶೇಕ್ಸ್‌ಪಿಯರನ ಆ ನಾಟಕದ ಐದನೇ ಅಂಕದಲ್ಲಿ ಪಾದ್ರಿ ಲಾರೆನ್ಸ್ ಹೇಳುವ ಮಾತದು. ರೋಮಿಯೊಗೆ ಕಳಿಸಿದ ಪತ್ರ ಅವನಿಗೆ ತಲುಪಿಲ್ಲ ಅಂತ ಗೊತ್ತಾದಾಗ ಪಾದ್ರಿಗೆ ಗಾಬರಿ. 'ಅದು ಸುಮ್ನೆ ಬರೆದ ಕ್ಷುಲ್ಲಕ ಪತ್ರ ಅಲ್ಲ, ಬಹಳ ಮುಖ್ಯದ್ದು' ಅಂತ ಹೇಳುತ್ತಾನೆ. ಇಲ್ಲಿ ನೈಸ್ ಅಂದರೆ ಸಣ್ಣ, ಲೆಕ್ಕಕ್ಕಿಲ್ಲದ. ಮೂರನೇ ಅಂಕದಲ್ಲೂ ಜಗಳದ ವಿಷಯಕ್ಕೆ ಇದೇ ಪದ ಬರುತ್ತದೆ. 'ಎಷ್ಟು ಸಣ್ಣ ವಿಷಯಕ್ಕೆ ಜಗಳ ಅಂತ ರೋಮಿಯೊ ಎದುರಾಳಿಗೆ ಬಿಡಿಸಿ ಹೇಳಿದ' ಅಂತ ರೋಮಿಯೊನ ಗೆಳೆಯ ಬೆನ್ವೋಲಿಯೊ ವರದಿ ಮಾಡುತ್ತಾನೆ. ಪರೀಕ್ಷೆಯಲ್ಲಿ 'ಚಂದದ ಜಗಳ' ಅಂತ ಬರೆದರೆ ಮಾರ್ಕು ಹೋಗುತ್ತದೆ.

ಹಳೆಯ ಅರ್ಥಗಳಲ್ಲಿ ಯಾವುದಾದರೂ ಇವತ್ತಿಗೂ ಬದುಕಿದೆಯಾ?

'ಪೆದ್ದ' ಸತ್ತು ಹೋಗಿದೆ. 'ಸೂಕ್ಷ್ಮ' ಬದುಕಿದೆ.

ಫೋರ್ಟಿನ ಕಡೆ ಹೈಕೋರ್ಟಿಗೆ ಓಡಾಡುವ ವಕೀಲರು ಯಾರಾದರೂ ಗೊತ್ತಿದ್ದರೆ ಕೇಳಿ. ತೀರ್ಪುಗಳಲ್ಲಿ 'ಇಲ್ಲಿ ಒಂದು ನೈಸ್ ಕ್ವೆಶ್ಚನ್ ಆಫ್ ಲಾ ಇದೆ' ಅಂತ ಬರುವುದುಂಟು. ನ್ಯಾಯಾಧೀಶರಿಗೆ ಪ್ರಶ್ನೆ ಇಷ್ಟವಾಯಿತು ಅಂತಲ್ಲ. ಆ ಕಡೆಗೂ ಈ ಕಡೆಗೂ ವಾದ ಮಾಡಬಹುದಾದ, ಬಹಳ ನಾಜೂಕಾದ ಪ್ರಶ್ನೆ ಅಂತ. 'ನೈಸ್ ಡಿಸ್ಟಿಂಕ್ಷನ್' ಅಂದರೂ ಹಾಗೆಯೇ, ಸಣ್ಣದಾದರೂ ಮುಖ್ಯವಾದ ವ್ಯತ್ಯಾಸ. 'ನೈಸಿಟಿ' ಅನ್ನುವ ಪದದಲ್ಲೂ ಈ ಅರ್ಥವೇ ಉಳಿದಿದೆ, ವ್ಯವಹಾರದ ಸೂಕ್ಷ್ಮ, ಶಿಷ್ಟಾಚಾರದ ಸೂಕ್ಷ್ಮ ಅಂತ.

ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಯುದ್ಧದ್ದು. 1815ರ ಜೂನ್ 18ರಂದು ವಾಟರ್‌ಲೂನಲ್ಲಿ ನೆಪೋಲಿಯನ್ ಸೋತ. ಮರುದಿನ ಬ್ರಸೆಲ್ಸ್‌ನಲ್ಲಿ ಗೆದ್ದ ಸೇನಾಪತಿ ವೆಲಿಂಗ್ಟನ್ ತನ್ನ ಪರಿಚಯದ ಕ್ರೀವಿ ಎಂಬುವನ ಜೊತೆ ಮಾತಾಡುತ್ತ, ಅದು 'ಡ್ಯಾಮ್ಡ್ ನೈಸ್ ಥಿಂಗ್' ಆಗಿತ್ತು ಅಂದ. ಹತ್ತಾರು ಸಾವಿರ ಜನ ಸತ್ತು, ಗಾಯಗೊಂಡು ಬಿದ್ದ ಯುದ್ಧ. ಅದು ಚೆನ್ನಾಗಿತ್ತು ಅಂತ ಹೇಳುತ್ತಾನಾ? ಅವನು ಹೇಳಿದ್ದು, ಸ್ವಲ್ಪದರಲ್ಲಿ ತಪ್ಪಿತು, ಗೆಲುವು ಯಾವ ಕಡೆ ಬೇಕಾದರೂ ಹೋಗಬಹುದಿತ್ತು ಅಂತ. ಅದೇ ಉಸಿರಿನಲ್ಲಿ, ಇಷ್ಟು ಹತ್ತಿರದ ಪೈಪೋಟಿ ನೀವು ಜೀವನದಲ್ಲಿ ಕಂಡಿರಲಿಕ್ಕಿಲ್ಲ ಅಂತಲೂ ಸೇರಿಸಿದ. ಇವತ್ತಿನ ಅರ್ಥ ಮಾತ್ರ ಗೊತ್ತಿದ್ದವರು ಓದಿದರೆ ಆ ಮನುಷ್ಯನನ್ನು ರಾಕ್ಷಸ ಅಂದುಕೊಳ್ಳಬೇಕಷ್ಟೆ.

ನಾವು 'ಹಿಟ್ಟು ನೈಸಾಗಿ ರುಬ್ಬು' ಅಂತೀವಲ್ಲ, ಅದೂ ಇದೇ ನೈಸಾ?

ಇದೇ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ಪದ ಇದೇ, ಆದರೆ ಕನ್ನಡದಲ್ಲಿ ಅದಕ್ಕೆ ಬೇರೆ ಕೆಲಸ ಸಿಕ್ಕಿದೆ. ಇಂಗ್ಲಿಷಿನಲ್ಲಿ ನೈಸ್ ಕೈಗೆ ಸಿಗದ ಪದ. ಕನ್ನಡದಲ್ಲಿ ಅದನ್ನು ಬೆರಳಲ್ಲಿ ಮುಟ್ಟಿ ನೋಡಬಹುದು. ಗ್ರೈಂಡರಿನಿಂದ ಒಂದು ಚೂರು ಉದ್ದಿನ ಹಿಟ್ಟು ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ತರಿ ಸಿಗದಿದ್ದರೆ 'ನೈಸಾಯ್ತು' ಅನ್ನುತ್ತೇವೆ. ಇಡ್ಲಿಗೆ ಉದ್ದು ನೈಸಾಗಬೇಕು, ಅಕ್ಕಿ ತರಿತರಿ ಇರಬೇಕು. ನೀರು ದೋಸೆಗೆ ಅಕ್ಕಿಯೇ ನೈಸಾಗಬೇಕು. ಹೊಸ ಟೈಲ್ಸ್ ನೈಸ್, ಕಾಲು ಜಾರುತ್ತದೆ. ಸೀರೆಯ ಬಟ್ಟೆ ನೈಸ್, ಪಿನ್ ಹಾಕದಿದ್ದರೆ ನಿಲ್ಲಲ್ಲ. ಎಲ್ಲ ಕಡೆಯೂ ಅರ್ಥ ನುಣುಪು.

ಇಂಗ್ಲಿಷಿನಲ್ಲೂ ಹಿಂದೆ ನೈಸ್‌ಗೆ ನವಿರು, ಸೂಕ್ಷ್ಮ ಅನ್ನುವ ಅರ್ಥ ಇತ್ತು ಅಂತ ಆಗಲೇ ನೋಡಿದೆವು. ನಮ್ಮಲ್ಲಿ 'ನಯ' ಅನ್ನುವ ಪದ ಮೊದಲೇ ಇತ್ತು. ನಯವಾದ ಹಲಗೆ, ನಯವಾದ ಮಾತು ಎರಡೂ ಹೇಳುತ್ತೇವೆ. ನೈಸ್ ಬಂದಾಗ ಅದು ನಯದ ಪಕ್ಕದಲ್ಲೇ ಕುಳಿತುಕೊಂಡಿದೆ. ಸದ್ದೂ ಹತ್ತಿರ, ಅರ್ಥವೂ ಹತ್ತಿರ. ಅದಕ್ಕೇ ನಮ್ಮ ಅಜ್ಜಿಯರೂ ಇದು ಇಂಗ್ಲಿಷ್ ಪದ ಅಂತ ಅನ್ನಿಸದ ಹಾಗೆ ಬಳಸಿದರು ಅಂತ ನನ್ನ ಲೆಕ್ಕ.

ಹಾಗಾದ್ರೆ ಇಂಗ್ಲಿಷಿನಲ್ಲಿ ಹಿಟ್ಟಿನ ಬಗ್ಗೆ ಏನು ಹೇಳಬೇಕು?

ಒದ್ದೆ ಹಿಟ್ಟಾದರೆ 'ಸ್ಮೂತ್'. ಒಣ ಪುಡಿಯಾದರೆ 'ಫೈನ್'. 'ಮೈ ಬ್ಯಾಟರ್ ಈಸ್ ನೈಸ್' ಅಂದರೆ ಕೇಳಿದವರು ನೀವು ನಿಮ್ಮ ಹಿಟ್ಟನ್ನೇ ಹೊಗಳಿಕೊಳ್ಳುತ್ತಿದ್ದೀರಿ ಅಂದುಕೊಳ್ಳುತ್ತಾರೆ.

ಮರಾಠಿ, ಹಿಂದಿಯಲ್ಲಿ ಇದಕ್ಕೆ ಬೇರೆಯದೇ ಪದ ಇದೆ, 'ಬಾರೀಕ್'. ಡೊಂಬಿವಿಲಿಯಿಂದ ಬರುವ ಒಬ್ಬ ಅಕ್ಕ ಹೇಳಿದ್ದು ಇದು. ಗಿರಣಿಗೆ ಅಕ್ಕಿ ತಗೊಂಡು ಹೋಗಿ 'ಭೈಯಾ, ನೈಸ್ ಪೀಸೋ' ಅಂದರಂತೆ. ಅವನು ಎದೆ ಮುಟ್ಟಿಕೊಂಡು 'ಆಂಟಿ, ನಮ್ಮಲ್ಲಿ ಯಾವಾಗಲೂ ನೈಸೇ' ಅಂದನಂತೆ. ಮನೆಗೆ ಬಂದು ಡಬ್ಬ ತೆರೆದರೆ ರವೆಯಂಥ ಹಿಟ್ಟು. ಅಕ್ಕಿರೊಟ್ಟಿ ತಟ್ಟಲು ಹೋದರೆ ಒಡೆದು ಒಡೆದು ಹೋಯಿತು. ಕೊನೆಗೆ ಉಪ್ಪಿಟ್ಟು ಮಾಡಿದರಂತೆ. ಗಿರಣಿಯಲ್ಲಿ 'ಬಾರೀಕ್' ಅನ್ನಿ, ಕೆಲಸ ಆಗುತ್ತದೆ.

'ಅವನು ನೈಸಾಗಿ ಜಾರಿಕೊಂಡ', 'ನೈಸ್ ಮಾಡ್ಬೇಡ' ಅಂತೀವಿ. ಇದನ್ನು ಇಂಗ್ಲಿಷಿಗೆ ಹೇಗೆ ತರೋದು?

ನೈಸ್ ಅಂತ ತರಲು ಹೋಗಲೇಬೇಡಿ. ನುಣುಪಿನಿಂದ ಜಾರುವುದು, ಜಾರುವುದರಿಂದ ಉಪಾಯವಾಗಿ ತಪ್ಪಿಸಿಕೊಳ್ಳುವುದು, ಹೀಗೆ ಕನ್ನಡದ ನೈಸ್ ತನ್ನದೇ ದಾರಿಯಲ್ಲಿ ಬೆಳೆದಿದೆ. ಬಿಲ್ ಕೊಡುವ ಹೊತ್ತಿಗೆ ಫೋನ್ ಬಂತು ಅಂತ ನೈಸಾಗಿ ಆಚೆ ಹೋಗುವ ಗೆಳೆಯ ಎಲ್ಲರಿಗೂ ಇರುತ್ತಾನೆ. ಇಂಗ್ಲಿಷಿನಲ್ಲಿ ಅವನು 'ಸ್ಲಿಪ್ಡ್ ಅವೇ ಕ್ವಯಟ್ಲಿ'. 'ನೈಸ್‌ಲಿ' ಅಂದರೆ ಎಲ್ಲರಿಗೂ ಟಾಟಾ ಮಾಡಿ, ಮರ್ಯಾದೆಯಿಂದ ಹೋದ ಅಂತ ಆಗಿಬಿಡುತ್ತದೆ.

ಯಾರನ್ನಾದರೂ ನೈಸ್ ಮಾಡುವುದು ಅಂದರೆ ಪೂಸಿ ಹೊಡೆಯುವುದು. ಮುಂಬೈಯಲ್ಲಿ ಅದಕ್ಕೆ ಮಸ್ಕಾ ಹೊಡೆಯುವುದು ಅಂತಾರೆ. ಇಂಗ್ಲಿಷಿನಲ್ಲೂ ಬೆಣ್ಣೆಯೇ, 'ಬಟರ್ ಅಪ್'. ಆದರೆ ಇಂಗ್ಲಿಷಿನವರು ಮಗುವಿಗೆ 'ಬಿ ನೈಸ್ ಟು ಯುವರ್ ಅಂಕಲ್' ಅಂದರೆ ಮಾಮನಿಗೆ ಮಸ್ಕಾ ಹೊಡಿ ಅಂತ ಅಲ್ಲ. ಸರಿಯಾಗಿ ನಡೆದುಕೋ, ಎದುರು ಮಾತಾಡಬೇಡ ಅಂತ ಅಷ್ಟೇ.

ಮಗನ ಟೀಚರ್ ಪ್ರಬಂಧದಲ್ಲಿ ನೈಸ್ ಬರೆದಾಗಲೆಲ್ಲ ಕೆಂಪು ಗೆರೆ ಹಾಕುತ್ತಾರೆ. ಅದು ತಪ್ಪು ಪದವಾ?

ತಪ್ಪಲ್ಲ. ಆದರೆ ಟೀಚರ್ ಪರವಾಗಿ ನಾನು ವಾದ ಮಾಡುತ್ತೇನೆ.

ಈ ಸಿಟ್ಟು ಹೊಸದಲ್ಲ. ಜೇನ್ ಆಸ್ಟೆನ್ ಎಂಬ ಲೇಖಕಿಯ 'ನಾರ್ಥ್ಯಾಂಗರ್ ಆ್ಯಬಿ' ಕಾದಂಬರಿ 1817ರ ಕೊನೆಗೆ ಬಂತು. ಅದರಲ್ಲಿ ಕಥಾನಾಯಕಿ ಒಂದು ಪುಸ್ತಕವನ್ನು ನೈಸ್ ಅನ್ನುತ್ತಾಳೆ. ಅವಳ ಗೆಳೆಯ ಹೆನ್ರಿ ಟಿಲ್ನಿ ಅವಳನ್ನು ಹಿಡಿದು ಕಾಡಿಸುತ್ತಾನೆ. ದಿನವೂ ನೈಸ್, ವಾಕಿಂಗೂ ನೈಸ್, ನೀವಿಬ್ಬರು ಹುಡುಗಿಯರೂ ನೈಸ್, ಎಲ್ಲದಕ್ಕೂ ಆಗುತ್ತದಲ್ಲ ಈ ಪದ ಅಂತ. ಮುಂದೆ 1926ರಲ್ಲಿ ಫೌಲರ್ ಎಂಬ ವ್ಯಾಕರಣ ಪಂಡಿತ ತನ್ನ ಪ್ರಸಿದ್ಧ ಪದಬಳಕೆ ಕೋಶದಲ್ಲಿ, ಈ ಪದದ ಸ್ವಂತಿಕೆಯೆಲ್ಲ ಹೋಗಿದ್ದಕ್ಕೆ ಹೆಂಗಸರೇ ಕಾರಣ ಅಂತ ದೂರು ಹಾಕಿದ. ಗಂಡಸರು ಆಗ ಏನು ಮೌನವ್ರತದಲ್ಲಿದ್ದರೋ! ಆ ಮಾತು ಬಿಡಿ. ಪದ ಸವೆದಿದೆ ಅನ್ನುವುದು ಮಾತ್ರ ಸರಿ.

'ಗೇಟ್‌ವೇ ಆಫ್ ಇಂಡಿಯಾ ನೈಸ್, ದೋಣಿ ನೈಸ್, ಎಲಿಫೆಂಟಾ ನೈಸ್, ಭೇಲ್ ನೈಸ್' ಅಂತ ಹುಡುಗ ಬರೆದರೆ ಓದಿದವರಿಗೆ ಏನೂ ಕಾಣುವುದಿಲ್ಲ. ದೋಣಿ ಅಲುಗಾಡಿ ಹೊಟ್ಟೆ ತೊಳಸಿತು, ಗುಹೆಯ ಮೂರು ಮುಖದ ಶಿವನ ಮುಂದೆ ಎಲ್ಲರ ಮಾತು ನಿಂತಿತು, ಭೇಲ್ ಖಾರಕ್ಕೆ ತಮ್ಮ ಅತ್ತ ಅಂತ ಬರೆಯಲಿ. ನೈಸ್ ಬೇಕಾಗುವುದೇ ಇಲ್ಲ. ನೈಸ್ ತೆಗೆದು ಆ ಜಾಗಕ್ಕೆ ಡಿಕ್ಷನರಿಯಿಂದ ದೊಡ್ಡ ಪದ ತಂದು ಕೂರಿಸುವುದು ಪರಿಹಾರ ಅಲ್ಲ. ಅದು ಇನ್ನೂ ಕೆಟ್ಟದು. ಹಾಗೆ ಬರೆದ ಪ್ರಬಂಧಗಳನ್ನು ನಾನು ಬೇಕಾದಷ್ಟು ತಿದ್ದಿದ್ದೇನೆ.

ಮಾತಿನಲ್ಲಿ ಹಾಗಲ್ಲ. ಮಾತಿನಲ್ಲಿ ನೈಸ್ ಆರಾಮಾಗಿ ಬಳಸಿ.

ನಾದಿನಿಗೆ ಹುಡುಗನ ಬಗ್ಗೆ ಕೇಳಿದೆವು. 'ಹಿ ಈಸ್ ನೈಸ್' ಅಂತ ಅಷ್ಟೇ ಹೇಳಿದಳು. ಒಪ್ಪಿಗೆಯಾ?

ಈ ಪ್ರಶ್ನೆ ಕೇಳಿದವರ ಹೆಸರು ಹೇಳಲ್ಲ, ಹೆದರಬೇಡಿ. ಮೊದಲೇ ಹೇಳಿದೆನಲ್ಲ, ನೈಸ್ ಮೆತ್ತಗಿನ ಪದ. ಮನಸ್ಸು ಪೂರ್ತಿ ಇದ್ದಾಗ ಜನ ನೈಸ್‌ನಲ್ಲಿ ನಿಲ್ಲಿಸುವುದಿಲ್ಲ. ಮುಂದೆ ಏನಾದರೂ ಸೇರಿಸುತ್ತಾರೆ: ತಮಾಷೆ ಮಾಡುತ್ತಾನೆ, ನನ್ನ ಮಾತು ಕೇಳಿಸಿಕೊಂಡ, ಕೆಲಸದ ಬಗ್ಗೆ ಚೆನ್ನಾಗಿ ಹೇಳಿದ ಅಂತ. ಬರೀ 'ನೈಸ್' ಅಂದು ಫೋನ್ ನೋಡತೊಡಗಿದರೆ 'ಕೆಟ್ಟವನಲ್ಲ' ಅಂತ ತಿಳಿಯಿರಿ. ಕನ್ನಡದಲ್ಲೇ ಇನ್ನೊಂದು ಸಲ ಕೇಳಿ. 'ಪಾಪ, ಒಳ್ಳೆಯವನು' ಅಂತ ಬಂದರೆ ಮಾತು ಮುಗಿಯಿತು, ಬೇರೆ ಕಡೆ ನೋಡಿ.

ಇಂಗ್ಲಿಷಿನಲ್ಲಿ 'ನೈಸ್ ಗೈಸ್ ಫಿನಿಶ್ ಲಾಸ್ಟ್' ಅನ್ನೋ ಮಾತೂ ಇದೆ. ಒಳ್ಳೆಯವರು ಕೊನೆಗೇ ಉಳಿಯುತ್ತಾರೆ ಅಂತ. ಅಮೆರಿಕದ ಬೇಸ್‌ಬಾಲ್ ಮ್ಯಾನೇಜರ್ ಲಿಯೊ ಡುರೋಚರ್ 1946ರಲ್ಲಿ ಎದುರಾಳಿ ತಂಡದ ಬಗ್ಗೆ ಆಡಿದ ಮಾತು ಜನರ ಬಾಯಲ್ಲಿ ಹೀಗೆ ಚಿಕ್ಕದಾಗಿ ನಿಂತಿತು.

ಬಾಸ್ 'ನೈಸ್, ವೆರಿ ನೈಸ್' ಅಂದರು. ಆದರೆ ಮುಖದಲ್ಲಿ ನಗು ಇರಲಿಲ್ಲ.

ಹಾಗಾದರೆ ಅದು ಬೈಗುಳ. ನಮ್ಮ 'ಒಳ್ಳೆ' ಕೂಡ ಹೀಗೇ ಅಲ್ವಾ? 'ಒಳ್ಳೆ ಕಥೆ ಆಯ್ತಲ್ಲ', 'ಒಳ್ಳೆ ಫಜೀತಿ' ಅನ್ನುವಾಗ ಯಾರೂ ಹೊಗಳುತ್ತಿರುವುದಿಲ್ಲ. ಇಂಗ್ಲಿಷಿನ 'ನೈಸ್ ಮೆಸ್' ಅದೇ. ಎರಡರ ಇನ್ನೊಂದು ಹೋಲಿಕೆಯನ್ನೂ ಗಮನಿಸಿ. 'ಒಳ್ಳೆ ಬಿಸಿ ಚಹಾ' ಅಂತೀವಿ, ಅವರು 'ನೈಸ್ ಆ್ಯಂಡ್ ಹಾಟ್' ಅಂತಾರೆ. ಅಲ್ಲಿ ಒಳ್ಳೆತನದ ಮಾತಿಲ್ಲ, ಬೇಕಾದಷ್ಟು ಬಿಸಿ ಇದೆ ಅಂತ. ಹೋಟೆಲಿನವರು ಇದನ್ನು ಕಲಿತುಕೊಳ್ಳಿ. ಗಿರಾಕಿ 'ನೈಸ್ ಆ್ಯಂಡ್ ಕ್ರಿಸ್ಪ್' ಅಂದರೆ ದೋಸೆ ಗರಿಗರಿ ಇರಲಿ ಅಂತ. ಎರಡು ಬೇರೆ ಬೇರೆ ಐಟಂ ಕೇಳುತ್ತಿಲ್ಲ.

'ನೈಸ್ ಟು ಮೀಟ್ ಯೂ' ಮತ್ತು 'ನೈಸ್ ಮೀಟಿಂಗ್ ಯೂ', ಯಾವುದು ಸರಿ?

ಎರಡೂ ಸರಿ. ಮೊದಲನೆಯದು ಪರಿಚಯ ಆದ ಕೂಡಲೇ, ಎರಡನೆಯದು ಹೊರಡುವಾಗ. ಮೊದಲೇ ಪರಿಚಯ ಇರುವವರು ಸಿಕ್ಕರೆ 'ನೈಸ್ ಟು ಸೀ ಯೂ'. ಮೂರು ವರ್ಷದಿಂದ ಗೊತ್ತಿರುವ ಸೊಸೈಟಿ ಸೆಕ್ರೆಟರಿಗೆ 'ನೈಸ್ ಟು ಮೀಟ್ ಯೂ' ಅಂದರೆ ಅವರಿಗೆ ಬೇಜಾರಾಗುತ್ತದೆ.

'ಮೋರ್ ನೈಸ್' ಅನ್ನಬಹುದಾ?

'ನೈಸರ್', 'ನೈಸೆಸ್ಟ್' ಅನ್ನಿ. 'ಮೋರ್ ನೈಸರ್' ಬೇಡವೇ ಬೇಡ. ಇನ್ನೊಂದು ವಿಷಯ. ಅಣ್ಣನ ಮಗಳು, ಅಕ್ಕನ ಮಗಳು ಅನ್ನುವುದಕ್ಕೆ ಇರುವ ಪದ 'ನೀಸ್'. ಅದರ ಸ್ಪೆಲಿಂಗೇ ಬೇರೆ, ಮಧ್ಯೆ 'ಐ' ಆದ ಮೇಲೆ 'ಇ' ಬರುತ್ತದೆ. ಮದುವೆ ಮನೆಯಲ್ಲಿ 'ಶಿ ಈಸ್ ಮೈ ನೈಸ್' ಅಂತ ಪರಿಚಯಿಸುವವರು ಪ್ರತಿ ಸೀಸನ್‌ನಲ್ಲೂ ಸಿಗುತ್ತಾರೆ.

ಫ್ರಾನ್ಸಿನ ನೈಸ್ ಊರಿಗೆ ಈ ಹೆಸರು ಹೇಗೆ ಬಂತು? ಬಿಸ್ಕೆಟ್ಟಿಗೆ?

ಊರಿನ ಹೆಸರನ್ನು 'ನೀಸ್' ಅಂತ ಹೇಳಬೇಕು. ನಮ್ಮ ಪದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದು ಗ್ರೀಕರು ಕಟ್ಟಿದ ಊರು, ಹಳೆಯ ಹೆಸರು 'ನಿಕಾಯಾ'. ಗ್ರೀಕರಲ್ಲಿ 'ನೀಕೆ' ಅಂದರೆ ಗೆಲುವು, ಗೆಲುವಿನ ದೇವತೆಯ ಹೆಸರೂ ಅದೇ. ಶೂ ಕಂಪನಿ ನೈಕಿಯ ಹೆಸರು ಬಂದದ್ದು ಆ ದೇವತೆಯಿಂದಲೇ. ಅಂದರೆ ನೀಸ್ ಊರಿನ ನಂಟಸ್ತಿಕೆ ಇರುವುದು ನಿಮ್ಮ ಮಗನ ಶೂ ಜೊತೆ.

ಮೇಲೆ ಸಕ್ಕರೆ ಉದುರಿಸಿದ, ತೆಂಗಿನ ಪರಿಮಳದ ಬಿಸ್ಕೆಟ್ಟಿನ ಮೇಲೂ ನೈಸ್ ಅಂತಲೇ ಅಚ್ಚು ಇರುತ್ತದೆ. ಇಂಗ್ಲೆಂಡಿನಲ್ಲಿ ಅದನ್ನು ಊರಿನ ಹೆಸರಿನಂತೆ ನೀಸ್ ಅನ್ನಬೇಕೋ, ಪದದಂತೆ ನೈಸ್ ಅನ್ನಬೇಕೋ ಅಂತ ಜನ ಇವತ್ತಿಗೂ ಕಚ್ಚಾಡುತ್ತಾರೆ. ನಮ್ಮಲ್ಲಿ ಬ್ರಿಟಾನಿಯಾದವರು 'ನೈಸ್ ಟೈಮ್' ಅಂತ ಹೆಸರಿಟ್ಟು ಆ ಜಗಳಕ್ಕೆ ಜಾಗವನ್ನೇ ಕೊಡಲಿಲ್ಲ.

ಬೆಂಗಳೂರಿನ ನೈಸ್ ರೋಡ್ ಬಗ್ಗೆಯೂ ಕೇಳುತ್ತಾರೆ. ಅದು ಕಂಪನಿ ಹೆಸರಿನ ಮೊದಲ ಅಕ್ಷರಗಳು, ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್. ಟೋಲ್ ಕಟ್ಟುವಾಗ ನೈಸ್ ಅನ್ನಿಸದಿದ್ದರೆ ಪದದ ತಪ್ಪಲ್ಲ.

ನಾನು ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಲಿನಕ್ಸ್‌ನಲ್ಲಿ 'ನೈಸ್' ಅಂತ ಕಮಾಂಡ್ ಇದೆ. ಯಾಕೆ ಆ ಹೆಸರು?

ಲಿನಕ್ಸ್, ಅದರ ಹಿರಿಯಣ್ಣನಂಥ ಯುನಿಕ್ಸ್, ಎರಡೂ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್‌ಗಳು. ಒಂದೇ ಕಂಪ್ಯೂಟರನ್ನು ಹತ್ತಾರು ಜನ ಹಂಚಿಕೊಳ್ಳುತ್ತಿದ್ದ ಯುನಿಕ್ಸ್ ಕಾಲದ ಹೆಸರದು. ನಿಮ್ಮ ದೊಡ್ಡ ಕೆಲಸ ಬೇರೆಯವರ ಕೆಲಸಕ್ಕೆ ಅಡ್ಡ ಬರದಂತೆ ದಾರಿ ಬಿಟ್ಟರೆ ನೀವು ನೈಸ್. ಲಿನಕ್ಸ್‌ನಲ್ಲಿ ಈ ನೈಸ್‌ತನದ ಅಂಕಿ ಮೈನಸ್ 20ರಿಂದ 19ರವರೆಗೆ ಇರುತ್ತದೆ. ಅಂಕಿ ಜಾಸ್ತಿಯಾದಷ್ಟೂ ನಿಮ್ಮ ಪ್ರೋಗ್ರಾಂ ಹಿಂದೆ ಸರಿಯುತ್ತದೆ. ಸಾಮಾನ್ಯ ಬಳಕೆದಾರರು ಜಾಸ್ತಿ ನೈಸ್ ಆಗಬಹುದು, ಕಡಿಮೆ ಮಾಡಿಕೊಂಡು ಮುಂದೆ ನುಗ್ಗಲು ಅಡ್ಮಿನ್ ಅಧಿಕಾರ ಬೇಕು. ಸಂಜೆ ಆರರ ಲೋಕಲ್‌ನಲ್ಲೂ ಇಂಥದ್ದೊಂದು ಕಾನೂನು ಇದ್ದಿದ್ದರೆ!

ಬೇರೆ ಪದಗಳಿಗೂ ಹೀಗೆ ಆಗಿದೆಯಾ?

ಬೇಕಾದಷ್ಟು. ನೈಸ್ ಕೆಳಗಿಂದ ಮೇಲೆ ಹತ್ತಿದರೆ 'ಸಿಲ್ಲಿ' ಮೇಲಿಂದ ಕೆಳಗೆ ಇಳಿಯಿತು. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲ ರೂಪಕ್ಕೆ ಸುಖಿ, ಪುಣ್ಯವಂತ ಅಂತ ಅರ್ಥ. ಆಮೇಲೆ ಮುಗ್ಧ, ಆಮೇಲೆ 'ಅಯ್ಯೋ ಪಾಪ' ಅನ್ನಿಸುವವನು, ದುರ್ಬಲ, ಕೊನೆಗೆ ಪೆದ್ದ. ಎರಡೂ ಪದಗಳು ಒಂದೇ ಮೆಟ್ಟಿಲಲ್ಲಿ ಎದುರುಬದುರಾಗಿ ದಾಟಿ ಹೋದವು ಅನ್ನಬಹುದು. ಇವತ್ತು 'ಚೆಂದ' ಅನ್ನುವ ಅರ್ಥ ಇರುವ 'ಪ್ರಿಟಿ' ಒಂದು ಕಾಲದಲ್ಲಿ ಕಪಟಿ, ತಂತ್ರಗಾರ.

ನಮ್ಮ 'ಮುಗ್ಧ'ವನ್ನೇ ನೋಡಿ. ಸಂಸ್ಕೃತದಲ್ಲಿ ಅದು 'ಮೋಹ'ದ ಬಳಗದ್ದು. ದಿಕ್ಕು ತಪ್ಪಿದ, ಮಂಕಾದ, ಮೂಢ ಅನ್ನುವ ಅರ್ಥ ಅದಕ್ಕಿದೆ. ಕನ್ನಡದಲ್ಲಿ ನಾವು ಮಗುವಿನ ನಗುವಿಗೆ ಮುಗ್ಧ ಅಂತೀವಿ. ಇದು ಹೆಚ್ಚುಕಡಿಮೆ ನೈಸ್ ಹಿಡಿದ ದಾರಿಯೇ. 'ಸಾಹಸ' ಇನ್ನೂ ಮಜಾ. ಹಳೆಯ ಧರ್ಮಶಾಸ್ತ್ರಗಳಲ್ಲಿ ಸಾಹಸ ಅಂದರೆ ಬಲಾತ್ಕಾರದಿಂದ ಮಾಡಿದ ಅಪರಾಧ, ಅದಕ್ಕೆ ದಂಡ ಕಟ್ಟಬೇಕಿತ್ತು. ಈಗ ಸಾಹಸ ಮಾಡಿದವರಿಗೆ ಸಂಘದಲ್ಲಿ ಶಾಲು ಹೊದಿಸುತ್ತೇವೆ.

ಮರಾಠಿ ನಾಡಿನಲ್ಲಿ ಇರುವ ನಮಗೆ ಇದು ದಿನಾ ಕಣ್ಣಿಗೆ ಬೀಳುತ್ತದೆ. ಹೈವೇ ಬೋರ್ಡಿನಲ್ಲಿ 'ವೇಗ ಮರ್ಯಾದಾ' ಅಂತ ಬರೆದಿರುತ್ತಾರೆ, ವೇಗದ ಮಿತಿ ಅಂತ. ಸಂಸ್ಕೃತದ ಮರ್ಯಾದೆ ಮೊದಲು ಗಡಿ, ಎಲ್ಲೆ. ಮರಾಠಿ ಆ ಅರ್ಥ ಉಳಿಸಿಕೊಂಡಿದೆ, ಕನ್ನಡದ ಮರ್ಯಾದೆ ಗೌರವದ ಕಡೆ ಹೋಗಿದೆ.

ಮೂಲ ಅರ್ಥ ಪೆದ್ದ ಅಂತಿರುವಾಗ, ಅದೇ 'ನಿಜವಾದ' ಅರ್ಥ ಅಲ್ವಾ? ನಾವು ತಪ್ಪಾಗಿ ಬಳಸುತ್ತಿದ್ದೇವಾ?

ಇಲ್ಲ. ಈ ವಾದ ಮಾಡುವವರು ಪ್ರತಿ ಬ್ಯಾಚಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ, ಸಾಮಾನ್ಯವಾಗಿ ಮುಂದಿನ ಬೆಂಚಿನಲ್ಲಿ. ಪದದ ಅರ್ಥ ಇವತ್ತು ಮಾತಾಡುವವರು ಒಪ್ಪಿಕೊಂಡದ್ದು, ಅಷ್ಟೇ. ಮೂಲ ಹಿಡಿದು ಹೊರಟರೆ ಮಗುವನ್ನು ಮುಗ್ಧ ಅನ್ನುವ ಹಾಗಿಲ್ಲ, ಸಾಹಸಿಗೆ ಶಾಲಿನ ಬದಲು ದಂಡ ಹಾಕಬೇಕಾಗುತ್ತದೆ. ಅದೇ ಕಾರಣಕ್ಕೆ ನಮ್ಮ ಹಿಟ್ಟಿನ ನೈಸೂ ತಪ್ಪಲ್ಲ. ಅದು ಸರಿಯಾದ ಕನ್ನಡ. ಇಂಗ್ಲಿಷಿಗೆ ತೆಗೆದುಕೊಂಡು ಹೋದರೆ ಮಾತ್ರ ನಡೆಯಲ್ಲ.

ಗ್ರೂಪಿನಲ್ಲಿ ಯಾರಾದರೂ ಫೋಟೋ ಹಾಕಿದಾಗ ಬರೀ 'ನೈಸ್' ಅಂತ ಹಾಕಿದರೆ ಸಾಕಾ?

ನಲವತ್ತು ಜನರ ಗ್ರೂಪಿನಲ್ಲಿ ಸಾಕು. ಹತ್ತಿರದವರಾದರೆ ಫೋಟೋದಲ್ಲಿ ಕಂಡ ಒಂದು ವಿಷಯ ಸೇರಿಸಿ, ಸೀರೆಯ ಬಣ್ಣವೋ, ಮಗುವಿನ ಹೊಸ ಹಲ್ಲೋ. ನೋಡಿದ್ದೀರಿ ಅಂತ ಅವರಿಗೆ ಗೊತ್ತಾಗುತ್ತದೆ. ಏನು ಪೋಸ್ಟು ಅಂತ ಓದಿಯೇ ಹಾಕಿ, ಯಾಕೆಂದರೆ ತಿಥಿಯ ಕಾರ್ಡಿನ ಕೆಳಗೂ 'ನೈಸ್' ಬಿದ್ದಿದ್ದನ್ನು ನೋಡಿದ್ದೇನೆ.